ಹುಲ್ಡಾ ಮಾತಾಡುವಾಗ

ಸೈಮಿ ತನ್ನ ತಟ್ಟೆ ಎತ್ತಿಕೊಂಡು ಹೋಗಿ ದೂರದ ಮೇಜಿನ ತುದಿಯಲ್ಲಿ ಕೂತಳು. ಟೂವಾಳ ಪಕ್ಕದ ಕುರ್ಚಿ ಖಾಲಿಯಾಯಿತು.

ಅಂದು ಗುರುವಾರ. ಗುರುವಾರವೆಂದರೆ ಶಾಲೆಯಲ್ಲಿ ಊಟಕ್ಕೆ ಬಟಾಣಿ ಸೂಪು, ಪ್ಯಾನ್‌ಕೇಕ್, ಮೇಲೊಂದಿಷ್ಟು ಜಾಮ್. ಟೂವಾಳಿಗೆ ಜಾಮ್ ಸೇರದು. ಸೈಮಿಗೆ ಸೂಪು ಸೇರದು. ಸೈಮಿ ಈ ಶಾಲೆಗೆ ಬಂದಾಗಿನಿಂದ ಇವಳ ಜಾಮ್ ಅವಳಿಗೆ, ಅವಳ ಸೂಪು ಇವಳಿಗೆ. ಇವತ್ತು ಟೂವಾಳ ಜಾಮ್ ತಟ್ಟೆಯಲ್ಲೇ ಉಳಿಯಿತು.

"ಏ ಸೈಮಿ! ಏನಾಯ್ತೇ ನಿಂಗೆ?" ಟೂವಾ ಕೂತಲ್ಲಿಂದಲೇ ಕೂಗಿದಳು.

ಸೈಮಿ ತಲೆ ಎತ್ತದೆ ಪ್ಯಾನ್‌ಕೇಕ್ ಮುರಿದಳು.

"ಮೊನ್ನೆಯಿಂದ ಕೇಳ್ತಾನೇ ಇದೀನಿ. ಬಾಯಿಗೆ ಬೀಗ ಹಾಕ್ಕೊಂಡಿದೀಯಾ?"

ಎದುರಿಗೆ ಕೂತಿದ್ದ ಲುಡ್ವಿಗ್ ಕಿಸಕ್ಕನೆ ನಕ್ಕ. "ಬಿಡೇ, ಅವಳ ಬ್ಯಾಟರಿ ಡೌನ್ ಆಗಿರ್ಬೇಕು."

ಟೂವಾ ಬಿಡುವ ಹುಡುಗಿಯಲ್ಲ. ಮಂಗಳವಾರ ಸೈಮಿ ಮಾತು ಬಿಟ್ಟಾಗಿನಿಂದ ಅವಳ ಫೋನಿಗೆ ಮೆಸೇಜಿನ ಮೇಲೆ ಮೆಸೇಜು ಹೋಗಿತ್ತು. "ಯಾಕೆ?" "ಕೋಪಾನಾ?" "ನಾನೇನ್ ಮಾಡ್ದೆ?" "ಹೇಳದಿದ್ರೆ ಹೆಂಗೇ ಗೊತ್ತಾಗತ್ತೆ?" ನಡುನಡುವೆ ಬೆಕ್ಕಿನ ಚಿತ್ರಗಳು. ಬುಧವಾರ ಸಂಜೆ ಅವಳ ಮನೆಗೇ ಹೋಗಿ ಬೆಲ್ ಒತ್ತಿದ್ದಳು. ಸೈಮಿಯ ಅಮ್ಮ ಬಾಗಿಲು ತೆರೆದು, "ಮಲಗಿದಾಳೆ ಪುಟ್ಟಾ" ಎಂದಿದ್ದರು. ಸಂಜೆ ಐದು ಗಂಟೆಗೆ ಯಾರಾದರೂ ಮಲಗುತ್ತಾರೆಯೇ?

ಮಂಗಳವಾರ ಅಂಥದ್ದೇನು ನಡೆದಿತ್ತು ಎಂದು ಟೂವಾ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಜಗಳವಾಗಿರಲಿಲ್ಲ. ಊಲ್ರಿಕಾ ಮಿಸ್ ಇಡೀ ಕ್ಲಾಸನ್ನು ಶಾಲೆಯ ಹಿಂದಿನ ಬೇಲಿಯ ಹತ್ತಿರ ನಿಲ್ಲಿಸಿ, ಆಚೆ ಬೀದಿಯ ಹಳೆಯ ಕಟ್ಟಡ ಕೆಡವುವುದನ್ನು ತೋರಿಸಿದ್ದರು, ಅಷ್ಟೇ. ಕಿರುನಾ ಊರಿನಲ್ಲಿ ಅದೇನು ಹೊಸದಲ್ಲ. ಕೆಳಗೆ ಕಬ್ಬಿಣದ ಗಣಿ ಊರಿನತ್ತ ಬೆಳೆಯುತ್ತಾ ಬರುತ್ತದೆ, ಮೇಲೆ ಊರು ಒಂದೊಂದು ಬೀದಿಯಾಗಿ ಪೂರ್ವಕ್ಕೆ ಸರಿದುಕೊಳ್ಳುತ್ತದೆ. ಖಾಲಿಯಾದ ಮನೆಗಳನ್ನು ಕೆಡವುತ್ತಾರೆ. ದೊಡ್ಡವರು ನಿಂತು ನಿಟ್ಟುಸಿರು ಬಿಡುತ್ತಾರೆ. ಮಕ್ಕಳಿಗೆ ಅದು ಬಿಟ್ಟಿ ಸರ್ಕಸ್ಸು. ಯಂತ್ರ ಗೋಡೆಗೆ ಬಾಯಿ ಹಾಕಿದ ಕೂಡಲೇ ಎಲ್ಲರೂ ಸೇರಿ "ಒಂದು, ಎರಡು, ಮೂರು" ಎನ್ನಬೇಕು. ಗೋಡೆ ಬಿದ್ದಾಗ ಚಪ್ಪಾಳೆ ಹೊಡೆಯಬೇಕು. ಹಾಗಂತ ಯಾರೂ ಕಲಿಸಿದ್ದಲ್ಲ, ಊರಿನ ಎಲ್ಲ ಮಕ್ಕಳಿಗೂ ಅದು ರೂಢಿ.

ಮಂಗಳವಾರವೂ ಹಾಗೇ ಆಯಿತು. ಟೂವಾ ಚಪ್ಪಾಳೆ ಹೊಡೆದಳು, ಎಲ್ಲರಿಗಿಂತ ಜೋರಾಗಿಯೇ ಹೊಡೆದಳು. ಆಮೇಲೆ ತಿರುಗಿ ನೋಡಿದರೆ ಸೈಮಿ ಪಕ್ಕದಲ್ಲಿ ಇರಲಿಲ್ಲ.

ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಅಮ್ಮನ ಕಾರು ನಿಂತಿತ್ತು. ಗುರುವಾರ ಅಮ್ಮ ಬರುವ ದಿನವಲ್ಲ.

"ಹತ್ತು ಬೇಗ," ಅಂದಳು ಅಮ್ಮ. "ಅಪ್ಪಂಗೆ ಗಣೀಲಿ ಸಂಜೆ ಶಿಫ್ಟು. ನೀನು ನನ್ ಜೊತೆ ಸ್ಟೇಷನ್ನಿಗೆ ಬಾ. ಹುಲ್ಡಾ ಮುದುರಿಕೊಂಡ್ಬಿಟ್ಟಿದಾಳೆ."

"ಮತ್ತೆನಾ?"

"ಮತ್ತೆ. ವಯಸ್ಸಾಯ್ತಲ್ಲ."

ಹುಲ್ಡಾ ಟೂವಾಳ ಅಜ್ಜಿಯೂ ಅಲ್ಲ, ನೆರೆಮನೆಯವಳೂ ಅಲ್ಲ. ಅವಳೊಂದು ಉಪಗ್ರಹ. ಟೂವಾ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಮೇಲೆ ಹೋದವಳು. ಎರಡು ವರ್ಷ ಕೆಲಸ ಮಾಡಿದರೆ ಸಾಕು ಎಂದು ಕಳಿಸಿದ್ದರಂತೆ, ಅವಳು ಇಪ್ಪತ್ತು ದಾಟಿದರೂ ಸುತ್ತುತ್ತಲೇ ಇದ್ದಳು. ಭೂಮಿಯ ಅಂಚಿನ ತೆಳ್ಳನೆಯ ಗಾಳಿಯನ್ನು ಅಡ್ಡಲಾಗಿ ನೋಡುವುದು ಅವಳ ಕೆಲಸ. ಅಲ್ಲಿ ಓಝೋನ್ ಎಷ್ಟಿದೆ, ಹೊಗೆ ಎಷ್ಟಿದೆ ಎಂದು ಅಳೆಯಲು ಅವಳ ಬಳಿ ಎರಡು ಉಪಕರಣಗಳಿದ್ದವು. ಚಿಕ್ಕದು ಬೆಳಕನ್ನು ನೋಡುತ್ತದೆ, ದೊಡ್ಡದು ರೇಡಿಯೋ ಅಲೆಯನ್ನು ಕೇಳುತ್ತದೆ. ಬ್ಯಾಟರಿ ಹಳತಾಗಿ ಎರಡನ್ನೂ ಒಟ್ಟಿಗೆ ನಡೆಸಲು ಈಗ ಆಗುತ್ತಿರಲಿಲ್ಲ. ಒಂದು ದಿನ ಇದು, ಒಂದು ದಿನ ಅದು. ಈ ಸಲ ಎರಡೂ ಆಫ್ ಆಗಿದ್ದವು. ಅಮ್ಮ ಮುದುರಿಕೊಳ್ಳುವುದು ಎನ್ನುತ್ತಿದ್ದದ್ದು ಇದಕ್ಕೇ.

"ಅವಳು ಏಳದೇ ಇದ್ರೆ?" ಟೂವಾ ಕೇಳಿದಳು.

"ಏಳದೇ ಇದ್ರೆ ಮುಗೀತು," ಅಂದಳು ಅಮ್ಮ. ಅವಳ ಕಣ್ಣು ರಸ್ತೆಯ ಮೇಲೇ ಇತ್ತು. ಅಲ್ಲಿ ಒಂದು ಹಿಮಸಾರಂಗ ತಾನೇ ಊರಿನ ಯಜಮಾನನೆಂಬಂತೆ ನಡುರಸ್ತೆಯಲ್ಲಿ ನಿಂತಿತ್ತು.

ಅಮ್ಮ ಕೆಲಸ ಮಾಡುವ, ಉಪಗ್ರಹಗಳ ಮಾತು ಕೇಳುವ ಸ್ಟೇಷನ್ ಇರುವುದು ಕಾಡಿನ ನಡುವೆ. ಕಂಟ್ರೋಲ್ ರೂಮಿನಲ್ಲಿ ಸ್ತೂರೆ ಒಬ್ಬರೇ ಕೂತಿದ್ದರು. ಹುಲ್ಡಾ ಮೇಲೆ ಹೋದ ದಿನವೂ ಅದೇ ರೂಮಿನಲ್ಲಿದ್ದವರು ಅವರು. ಅವರ ಸ್ವೆಟರು ಕೂಡ ಆಗಿನದೇ ಎಂದು ಅಮ್ಮ ಛೇಡಿಸುತ್ತಿದ್ದಳು.

"ಬಾರಮ್ಮ ಟೂವಾ," ಅಂದರು ಸ್ತೂರೆ. "ನಿಂಗೂ ಒಂದು ಮಗ್ಗು ತಗೋ. ಇನ್ನೇನು ಬರ್ತಾಳೆ."

"ನಂಗೆ ಕಾಫಿ ಬೇಡ ಅಜ್ಜ."

"ಬಿಸಿನೀರು ಹಾಕ್ಕೋ. ಒಳಗೆ ಏನಿದೆ ಅನ್ನೋದು ಮುಖ್ಯ ಅಲ್ಲ. ಎರಡೂ ಕೈಲಿ ಹಿಡ್ಕೋಬೇಕು, ಅಷ್ಟೇ."

ಅಮ್ಮ ಆಗಲೇ ತನ್ನ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಟೂವಾ ಇದನ್ನು ಹಿಂದೆಂದೂ ನೋಡಿರಲಿಲ್ಲ.

"ಯಾಕಮ್ಮಾ?"

"ಹುಲ್ಡಾ ಹೀಗೆ ಮುದುರಿಕೊಂಡಾಗ, ಮೊದಲ್ನೇ ಸಲ ಬಂದಾಗ ನಾವು ಏನೂ ಕಳಿಸಲ್ಲ. ಬರೀ ಕೇಳ್ತೀವಿ. ಕೈ ಖಾಲಿ ಇದ್ರೆ ಕೀಬೋರ್ಡಿನ ಮೇಲೆ ಹೋಗತ್ತೆ. ಅದಕ್ಕೆ ಮಗ್ಗು."

ಹೊರಗೆ ದೊಡ್ಡ ಆಂಟೆನಾ ಗರಗರನೆ ಉತ್ತರಕ್ಕೆ ತಿರುಗಿತು. ಪರದೆಯ ಮೇಲೆ ಒಂದು ಗೆರೆ ಅಲುಗಾಡಿ ಸ್ವಲ್ಪ ಮೇಲೆದ್ದಿತು. ಆಮೇಲೆ ಅಂಕಿಗಳು ಒಂದೊಂದಾಗಿ ಬರತೊಡಗಿದವು.

"ಬಂದ್ಲು," ಅಂದಳು ಅಮ್ಮ.

"ಕೇಳಿ ಮತ್ತೆ!" ಟೂವಾ ಕುರ್ಚಿಯಿಂದ ಎದ್ದಳು. "ಏನಾಯ್ತು ಅಂತ ಕೇಳಿ! ಹೊರಟುಹೋಗ್ತಾಳೆ ಈಗ!"

"ಹೋಗ್ಲಿ," ಅಂದರು ಸ್ತೂರೆ. "ಭೂಮಿ ಒಂದು ಸುತ್ತು ಹಾಕಿ ಒಂದೂವರೆ ಗಂಟೇಲಿ ಮತ್ತೆ ಬರ್ತಾಳೆ."

"ಆದ್ರೆ ಕೇಳದೇ ಇದ್ರೆ ಅವಳು ಹೆಂಗೆ ಹೇಳ್ತಾಳೆ?"

"ಹೇಳ್ತಾನೇ ಇದಾಳಲ್ಲ, ನೋಡು." ಸ್ತೂರೆ ಗಡ್ಡದಿಂದಲೇ ಪರದೆಯ ಕಡೆ ತೋರಿಸಿದರು, ಮಗ್ಗಿನಿಂದ ಕೈ ತೆಗೆಯಲಿಲ್ಲ. "ಬ್ಯಾಟರಿ ಇಷ್ಟಿದೆ, ಮೈ ಇಷ್ಟು ಬೆಚ್ಚಗಿದೆ, ಸೂರ್ಯ ಈ ಕಡೆ ಇದಾನೆ. ಸದ್ಯಕ್ಕೆ ಅವಳಿಗೆ ಅಷ್ಟೇ ತ್ರಾಣ. ನಾವು ಹತ್ತು ಪ್ರಶ್ನೆ ಕಳಿಸಿದ್ರೆ ಹತ್ತಕ್ಕೂ ಉತ್ತರ ಹುಡುಕೋಕೆ ಹೋಗ್ತಾಳೆ. ಬೆಚ್ಚಗಿರೋಕೆ ಇಟ್ಕೊಂಡಿರೋ ಬ್ಯಾಟರಿ ಅದಕ್ಕೇ ಖರ್ಚಾಗತ್ತೆ."

"ಹಿಂದೆ ಯಾವಾಗ್ಲೋ ಹಾಗಾಗಿತ್ತು," ಅಂದಳು ಅಮ್ಮ. "ಅವಸರಕ್ಕೆ ಒಂದರ ಹಿಂದೆ ಒಂದು ಕಮಾಂಡ್ ಕಳಿಸಿದ್ರು. ಇನ್ನೂ ಒಳಗೆ ಮುದುರಿಕೊಂಡ್ಬಿಟ್ಲು. ಸರಿ ಮಾಡೋದ್ರಲ್ಲಿ ಸಾಕುಬೇಕಾಯ್ತು."

ಟೂವಾ ಕೂತಳು. ಮಗ್ಗು ಬೆಚ್ಚಗಿತ್ತು. ಅಂಕಿಗಳು ಬರುತ್ತಿದ್ದವು. ಅವಳಿಗೆ ಇದು ಭಯಂಕರ ಬೋರು ಅನ್ನಿಸಿತು. ಅಷ್ಟರಲ್ಲಿ ಗೆರೆ ಮತ್ತೆ ನೆಲ ಕಚ್ಚಿತು. ಹುಲ್ಡಾ ದಕ್ಷಿಣಕ್ಕೆ ಇಳಿದು ಹೋಗಿದ್ದಳು.

ಎರಡನೇ ಸಲ ಬರುವ ಹೊತ್ತಿಗೆ ದಾಲ್ಚಿನ್ನಿ ಬನ್ನುಗಳು ಖಾಲಿಯಾಗಿದ್ದವು, ಟೂವಾಳ ಗಣಿತದ ಹೋಮ್‌ವರ್ಕೂ ಮುಗಿದಿತ್ತು. ಬಂದ ಅಂಕಿಗಳನ್ನು ಮೊದಲಿನವುಗಳ ಪಕ್ಕದಲ್ಲಿಟ್ಟು ನೋಡಿ ಅಮ್ಮ ತಲೆಯಾಡಿಸಿದಳು.

"ಚಂದ್ರ," ಅಂದಳು.

"ಚಂದ್ರನೇ," ಅಂದರು ಸ್ತೂರೆ. "ಅವಳು ನಕ್ಷತ್ರ ನೋಡಿ ದಿಕ್ಕು ಹಿಡಿಯೋಳು. ಚಂದ್ರ ಅಡ್ಡ ಬಂದಿದಾನೆ. ಗಾಬರಿಬಿದ್ದು ಎಲ್ಲ ಆಫ್ ಮಾಡ್ಕೊಂಡು ಸೂರ್ಯನ ಕಡೆ ತಿರುಗಿ ಕೂತಿದಾಳೆ."

"ಅಷ್ಟೇನಾ?" ಟೂವಾ ಕೇಳಿದಳು.

"ನಮಗೆ ಅಷ್ಟೇ. ಅವಳಿಗೆ ಅಷ್ಟೇ ಅಲ್ಲ."

ಆಗ ಅಮ್ಮ ಮಗ್ಗು ಕೆಳಗಿಟ್ಟು ಒಂದೇ ಒಂದು ಕಮಾಂಡ್ ಕಳಿಸಿದಳು. ಚಿಕ್ಕ ಉಪಕರಣಕ್ಕೆ ಸ್ವಲ್ಪ ಬಿಸಿ ಕೊಡು, ಅಷ್ಟೇ. ಮಿಕ್ಕಿದ್ದು ನಾಳೆಗೆ.

ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಸೈಮಿ ಹಿಂದಿನ ಬೇಲಿಯ ಹತ್ತಿರ ಒಬ್ಬಳೇ ನಿಂತಿದ್ದಳು. ಸೂರ್ಯ ಆಗಲೇ ಬೆಟ್ಟದ ಹಿಂದೆ ಇಳಿಯುವ ತಯಾರಿಯಲ್ಲಿದ್ದ. ಆಚೆ ಬೀದಿಯಲ್ಲಿ ಯಂತ್ರ ಸುಮ್ಮನೆ ನಿಂತಿತ್ತು. ಅರ್ಧ ಬಿದ್ದ ಕಟ್ಟಡ ಮುಂಭಾಗ ಕಳೆದುಕೊಂಡು, ಎಲ್ಲ ಮಹಡಿಯ ಕೋಣೆಗಳನ್ನೂ ತೆರೆದು ತೋರಿಸುತ್ತಿತ್ತು.

ಟೂವಾಳ ಕೈಯಲ್ಲಿ ಫ್ಲಾಸ್ಕಿನ ಮುಚ್ಚಳವಿತ್ತು, ಅದರ ತುಂಬ ಬಿಸಿ ಚಾಕೊಲೇಟ್. ಅವಳು ಹೋಗಿ ಸೈಮಿಯ ಪಕ್ಕದಲ್ಲಿ ನಿಂತಳು. ನಿಂತ ಕೂಡಲೇ "ಏನಾಯ್ತೇ" ಎನ್ನುವುದು ನಾಲಿಗೆ ತುದಿಗೆ ಬಂತು. ಅದರ ಹಿಂದೆ ಇನ್ನೂ ಹತ್ತು ಪ್ರಶ್ನೆಗಳು ನೂಕಾಡುತ್ತಿದ್ದವು.

ಅವಳು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹೊತ್ತು ಹೋಯಿತು. ಲುಡ್ವಿಗ್ ಎಸೆದ ಹಿಮದ ಉಂಡೆ ಬೆನ್ನಿಗೆ ಬಂದು ಬಡಿಯಿತು. ಟೂವಾ ತಿರುಗಲಿಲ್ಲ.

"ಚಳಿ ಇದೆ," ಅಂದಳು ಸೈಮಿ.

"ಹೂಂ."

ಚಾಕೊಲೇಟಿನ ಹಬೆ ಕಡಿಮೆಯಾಗುತ್ತಾ ಬಂತು. ಬೆಲ್ ಹೊಡೆದುಬಿಟ್ಟರೆ ಎಂದು ಟೂವಾಳಿಗೆ ದಿಗಿಲಾಯಿತು. ಹೊಡೆಯಲಿ, ಇನ್ನೊಂದು ಬಿಡುವು ಬರುತ್ತದೆ ಎಂದುಕೊಂಡಳು.

"ಎರಡನೇ ಮಹಡಿ," ಅಂದಳು ಸೈಮಿ. "ಹಳದಿ ಗೋಡೆ ಕಾಣ್ತಿದ್ಯಲ್ಲ."

ಟೂವಾ ನೋಡಿದಳು. ಬೂದು ಕೋಣೆಗಳ ನಡುವೆ ಒಂದು ಗೋಡೆಗೆ ಮಾತ್ರ ಹಳದಿ ಕಾಗದ ಅಂಟಿಸಿತ್ತು. ಅದರ ಮೇಲೆ ಚಿಕ್ಕ ಚಿಕ್ಕ ಹೂಗಳೋ ಹಕ್ಕಿಗಳೋ, ದೂರಕ್ಕೆ ಗೊತ್ತಾಗುತ್ತಿರಲಿಲ್ಲ.

"ಅದು ನಮ್ಮಜ್ಜಿ ಅಡುಗೆಮನೆ," ಅಂದಳು ಸೈಮಿ. "ಚಿಕ್ಕೋಳಿದ್ದಾಗ ನಾನು ಅಲ್ಲೇ ಇರ್ತಿದ್ದೆ. ಈಗ ಅಜ್ಜಿ ಹೊಸ ಊರಲ್ಲಿದಾಳೆ. ಅಲ್ಲಿ ಗೋಡೆ ಎಲ್ಲ ಬಿಳಿ. ಮಂಗಳವಾರ ಆ ಮುಂದಿನ ಗೋಡೆ ಬಿತ್ತಲ್ಲ, ಆಗ ಇದು ಕಾಣಿಸ್ತು. ನಂಗೆ ಅದೇ ಮನೆ ಅಂತ ಗೊತ್ತೇ ಇರ್ಲಿಲ್ಲ. ಹೊರಗಿಂದ ಎಲ್ಲ ಒಂದೇ ಥರ ಇರತ್ತೆ."

ಮಂಗಳವಾರ. ಒಂದು, ಎರಡು, ಮೂರು. ಟೂವಾಳಿಗೆ ತನ್ನ ಚಪ್ಪಾಳೆಯ ಸದ್ದು ಈಗ ಕೇಳಿಸಿದಂತಾಯಿತು. ಮುಖ ಬಿಸಿಯಾಯಿತು, ಕಿವಿಯೂ. ನಂಗೇನ್ ಗೊತ್ತಿತ್ತು, ಎಲ್ರೂ ಹೊಡೀತಿದ್ರು, ನೀನು ಆಗ್ಲೇ ಹೇಳ್ಬೇಕಿತ್ತು. ಹೇಳಬೇಕಾದ್ದು ಎಷ್ಟೊಂದಿತ್ತು! ಮುಚ್ಚಳದ ಮೇಲೆ ಅವಳ ಬೆರಳುಗಳು ಬಿಗಿಯಾದವು.

ಅವಳು ಒಂದನ್ನೇ ಆರಿಸಿಕೊಂಡಳು.

"ನಾನು ಚಪ್ಪಾಳೆ ಹೊಡೆದೆ," ಅಂದಳು.

"ಹೂಂ," ಅಂದಳು ಸೈಮಿ. "ಎಲ್ರಿಗಿಂತ ಜೋರಾಗಿ."

ಟೂವಾಳಿಗೆ ಅಳು ಬಂತು. ಅಳಲಿಲ್ಲ, ಮೂಗು ಮಾತ್ರ ಸೋರಿತು. ಕೈಗವಸಿನಲ್ಲಿ ಒರೆಸಿಕೊಳ್ಳಲು ಮುಚ್ಚಳವನ್ನು ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಸೈಮಿ ಕೈ ಚಾಚಿ ಅದನ್ನು ತೆಗೆದುಕೊಂಡಳು. ಒಂದು ಗುಟುಕು ಕುಡಿದಳು.

"ತಣ್ಣಗಾಗಿದೆ," ಅಂದಳು.

ಬೆಲ್ ಹೊಡೆಯಿತು. ಸೈಮಿ ಮುಚ್ಚಳ ವಾಪಸು ಕೊಟ್ಟು ತನ್ನ ಪಾಡಿಗೆ ತಾನು ನಡೆದಳು. ಕ್ಲಾಸಿನಲ್ಲಿ ಅವಳು ಟೂವಾಳ ಪಕ್ಕ ಬಂದು ಕೂರಲಿಲ್ಲ.

ಸಂಜೆ ಅಮ್ಮ ಮನೆಗೆ ಬಂದು ಬೂಟು ಕಳಚುತ್ತಾ ಸುದ್ದಿ ಹೇಳಿದಳು. "ಚಿಕ್ಕದು ಆನ್ ಆಯ್ತು. ಬೆಳಕು ನೋಡ್ತಿದೆ. ದೊಡ್ಡದಕ್ಕೆ ಇನ್ನೂ ಟೈಮ್ ಬೇಕು, ಮುಂದಿನ ವಾರ ನೋಡೋಣ." ಆಮೇಲೆ ನೆನಪಾಗಿ ಕೇಳಿದಳು, "ಸೈಮಿ ಮಾತಾಡಿದ್ಲಾ?"

ಟೂವಾ ಒಂದು ಕ್ಷಣ ಯೋಚಿಸಿದಳು.

"ಚಿಕ್ಕದು ಆನ್ ಆಗಿದೆ," ಅಂದಳು.

ಅಮ್ಮ ನಗಲಿಲ್ಲ. ಸರಿ ಎಂಬಂತೆ ತಲೆಯಾಡಿಸಿ, ಆಲೂಗಡ್ಡೆ ಬೇಯಿಸಲು ಒಳಗೆ ಹೋದಳು.

ಊಟವಾದ ಮೇಲೆ ಟೂವಾಳ ಫೋನು ಟಿಣ್ ಎಂದಿತು. ಸೈಮಿ ಒಂದು ಫೋಟೋ ಕಳಿಸಿದ್ದಳು. ಹಳದಿ ಗೋಡೆಯ ಮುಂದೆ ಒಂದು ಮೇಜು. ಮೇಜಿನ ಮೇಲೆ ಹಿಟ್ಟು ಚೆಲ್ಲಾಪಿಲ್ಲಿ. ಹಿಟ್ಟಿನ ನಡುವೆ ಮುಂದಿನ ಹಲ್ಲಿಲ್ಲದ ಪುಟ್ಟ ಸೈಮಿ. ಗೋಡೆಯ ಮೇಲಿದ್ದವು ಹೂಗಳಲ್ಲ, ಹಕ್ಕಿಗಳು. ಫೋಟೋದ ಕೆಳಗೆ ಒಂದಕ್ಷರವೂ ಇರಲಿಲ್ಲ.

ಟೂವಾಳ ಹೆಬ್ಬೆರಳು ಆಗಲೇ ಟೈಪ್ ಮಾಡತೊಡಗಿತ್ತು. "ಅಯ್ಯೋ ಎಷ್ಟ್ ಚೆನ್ನಾಗಿದೆ" ಎಂದು ಬರೆದು, ಬೆಕ್ಕಿನ ಚಿತ್ರವನ್ನೂ ಹುಡುಕಿ, ಅಲ್ಲಿಗೇ ನಿಲ್ಲಿಸಿದಳು. ಬರೆದದ್ದನ್ನು ಅಳಿಸಿದಳು. ಫೋನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಡುಗೆಮನೆಗೆ ಹೋಗಿ ಒಂದು ಮಗ್ಗು ಬಿಸಿನೀರು ತಂದು, ಎರಡೂ ಕೈಯಲ್ಲಿ ಹಿಡಿದು ಎದುರಿಗೆ ಕೂತಳು.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮೂರು ಚುಕ್ಕೆಗಳು ಮಿನುಗತೊಡಗಿದವು. ಸೈಮಿ ಏನೋ ಬರೆಯುತ್ತಿದ್ದಳು.