ಸನವಳ್ಳಿ ಗುಡ್ಡದ ಬೆಂಕಿ

"ಯಕ್ಕಾ, ನಾ ಹಚ್ಚಿಲ್ಲ!"

ಜೇನು ಬಿಡಿಸುವ ಜ್ಯೋತಿಬಾ ಅಂಗಳದಲ್ಲಿ ಕುಸಿದು ಕುಳಿತಾಗ ಗೂಳಪ್ಪ ಎರಡನೇ ಕಪ್ ಚಹಾಕ್ಕೆ ಕೈ ಚಾಚಿದ್ದ. ಹೆಂಡತಿ ಸತ್ತೆವ್ವ ಅದನ್ನು ಜ್ಯೋತಿಬಾನಿಗೆ ಕೊಟ್ಟಳು. ಕಳೆದ ಕೋಳಿ, ಕದ್ದ ಉಂಗುರ ಎಲ್ಲವನ್ನೂ ಪತ್ತೆ ಹಚ್ಚುವ ಹೆಂಡತಿಯಿದ್ದರೆ ಗಂಡನಿಗೆ ಚಹಾ ತಪ್ಪುವುದು ಹೊಸದೇನಲ್ಲ.

ಹಿಂದಿನ ದಿನ ಮಧ್ಯಾಹ್ನ ಗುಡ್ಡ ಹತ್ತಿ ಉರಿದಿತ್ತು. ಪಡುವಣ ಗಾಳಿ ಬೆಂಕಿಯನ್ನು ಒಣಹುಲ್ಲಿನ ಮೇಲೆ ಓಡಿಸುತ್ತ ಮೂಡಣದ ಊರಿನತ್ತ ತಂದಿತ್ತು. ಹಸಿ ಟೊಂಗೆಗಳಿಂದ ಬಡಿದರೂ ಜಗ್ಗಲಿಲ್ಲ. ಕಡೆಗೆ ಚಕ್ಕಡಿ ದಾರಿಯುದ್ದಕ್ಕೂ ಎದುರು ಬೆಂಕಿ ಕೊಟ್ಟು, ಅದಕ್ಕೆ ತಿನ್ನಲು ಹುಲ್ಲೇ ಉಳಿಯದಂತೆ ಮಾಡಿ ಜನ ಊರು ಉಳಿಸಿಕೊಂಡರು. ಗೂಳಪ್ಪನ ಬಲಮೀಸೆ ಮಾತ್ರ ಉಳಿಯಲಿಲ್ಲ.

ಅಂದು ಬೆಳಿಗ್ಗೆಯಿಂದ ಜ್ಯೋತಿಬಾ ಆ ದಾರಿಯ ಪಕ್ಕದ ಜೇನುಮರದಲ್ಲಿದ್ದ. ಹೊಗೆ ಹಾಕಲು ತಂದ ಕಡ್ಡಿಪೆಟ್ಟಿಗೆ ಚೀಲದಲ್ಲಿತ್ತು. ಅಷ್ಟು ಸಾಕಾಯಿತು. ಅರಣ್ಯ ಸಮಿತಿಯ ಅಧ್ಯಕ್ಷ ಶಿವಲಿಂಗಪ್ಪ ಅವನ ಕಾಡಿನ ಪಾಸ್ ಕಿತ್ತುಕೊಂಡಿದ್ದರು. ಇಂದು ಸಂಜೆ ಚಾವಡಿಯಲ್ಲಿ ರದ್ದು ಮಾಡುವವರಿದ್ದರು. ಪಾಸ್ ಹೋದರೆ ಜೇನಿಲ್ಲ, ಜೇನಿಲ್ಲದೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

"ಕಡ್ಡಿ ಗೀರೂಕಿಂತ ಮೊದಲ ಹೊಗಿ ಬಂತು, ಯಕ್ಕಾ."

"ನಡೀರಿ, ನೋಡೂಣು," ಎಂದು ಸತ್ತೆವ್ವ ಎದ್ದಳು.

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತು ವರ್ಷ ಬಾಯ್ಲರ್ ಕಾದ ಗೂಳಪ್ಪ, ಬೆಂಕಿಯ ಶಾಸ್ತ್ರವನ್ನು ದಾರಿಯುದ್ದಕ್ಕೂ ಹೇಳಿದ. ದಾರಿಯಲ್ಲಿ ಸಿಕ್ಕ ಊರ ಗುಡಿಗೆ ಬೀಗ ಬಿದ್ದಿತ್ತು. ಪೂಜಾರಿ ಹಳಿಯಾಳದ ಮದುವೆಗೆ ಹೋಗಿ ಮೂರು ದಿನವಾಗಿತ್ತು. ಜೇನುಮರ ದಾಟಿದ ಮೇಲೆ ಸತ್ತೆವ್ವ ಒಂದೊಂದು ಮರವನ್ನೂ ಸವರಿ ನೋಡತೊಡಗಿದಳು.

"ಕೊಳವಿಲೆ ಒಲಿ ಊದಿದ್ರ ಗಡಗಿಗೆ ಮಸಿ ಎತ್ತ ಜಾಸ್ತಿ ಹತ್ತತೈತ್ರೀ?"

"ಆಚಿ ಮಗ್ಗಲಿಗೆ."

"ಬಾಯ್ಲರ್‌ಕ್ಕಿಂತ ಒಲಿ ಶಾಣ್ಯಾ ಐತಿ ನೋಡ್ರಿ."

ಎಲ್ಲ ಮರಗಳಿಗೂ ಮೂಡಣದ ಮಗ್ಗಲಿಗೇ ಮಸಿ ಎತ್ತರಕ್ಕೆ ಏರಿತ್ತು. ಅದನ್ನೇ ಹಿಡಿದು ಹೋದವರು ಪಡುವಣ ಅಂಚಿನ ಗುಡ್ಡದಮ್ಮನ ಕಲ್ಲಿಗೆ ಬಂದು ನಿಂತರು. ಅದರಾಚೆ ಹುಲ್ಲು ಸುಟ್ಟಿರಲಿಲ್ಲ. ಕಲ್ಲಿನ ಬುಡದಲ್ಲಿ ಸಿಕ್ಕ ಅರೆಸುಟ್ಟ ತೆಂಗಿನ ಜುಟ್ಟನ್ನು ಸತ್ತೆವ್ವ ಸೆರಗಿಗೆ ಕಟ್ಟಿಕೊಂಡಳು.

"ನಿನ್ನೆ ಮಧ್ಯಾಹ್ನ ಯಾಕ ಉಣಲಿಲ್ರಿ?"

"ಶಿವಲಿಂಗಪ್ಪಾರು ಕಟ್ಟಿ ಮ್ಯಾಲೆ ಕಾಯಿ-ಸಕ್ಕರಿ ಪ್ರಸಾದ ಹಂಚಿದ್ರು. ಮೂರು ಸಲ ಇಸ್ಕೊಂಡೆ."

"ಯಾವ ದೇವರದು?"

"ಪ್ರಸಾದಕ್ಕ ಯಾರರ ವಿಳಾಸ ಕೇಳ್ತಾರೇನು?"

ಸಂಜೆ ಚಾವಡಿ ತುಂಬಿತು. ಸತ್ತೆವ್ವ ಸೆರಗಿನ ಗಂಟು ಬಿಚ್ಚಿ ಜುಟ್ಟನ್ನು ಕಟ್ಟೆಯ ಮೇಲಿಟ್ಟಳು.

"ಜೇನುಮರದಿಂದ ಬೆಂಕಿ ಎದ್ದಿದ್ರ ಗಾಳಿಗೆ ನೆಟ್ಟಗ ಊರಿಗೆ ಬರ್ತಿತ್ತು. ಆದ್ರ ಅದರ ಹಿಂದಿನ ಗುಡ್ಡ ಪೂರಾ ಸುಟ್ಟೈತಿ. ಮಸಿ ನೋಡ್ರಿ, ಗುಡ್ಡದಮ್ಮನ ಕಲ್ಲಿನಿಂದ ಓಡಿ ಬಂದೈತಿ. ಅಲ್ಲಿ ಯಾರೋ ಕಾಯಿ ಒಡದಾರ. ನಿನ್ನೆ ಊರಾಗ ಪ್ರಸಾದ ಹಂಚ್ಯಾರ, ಗುಡಿಗೆ ನೋಡಿದ್ರ ಬೀಗ. ಹಂಗಾರ ಆ ಪ್ರಸಾದ ಎಲ್ಲಿದು, ಶಿವಲಿಂಗಪ್ಪಾರ?"

ಎಲ್ಲರೂ ಗೂಳಪ್ಪನ ಹೊಟ್ಟೆಯತ್ತ ನೋಡಿದರು. ಇಡೀ ಸಾಕ್ಷ್ಯವನ್ನು ತಿಂದು ಅರಗಿಸಿಕೊಂಡವನು ತಾನೇ ಎಂದು ಅವನಿಗೆ ಆಗ ಹೊಳೆದು, ಉಳಿದ ಅರ್ಧ ಮೀಸೆಯೂ ಇಳಿಬಿತ್ತು.

ಶಿವಲಿಂಗಪ್ಪ ಕಣ್ಣು ತುಂಬಿಕೊಂಡರು. "ಈ ವರ್ಷರ ಬೆಂಕಿ ಬೀಳೂದು ಬ್ಯಾಡಂತ ಹರಕಿ ಹೊತ್ತಿದ್ದೆ. ಕರ್ಪೂರಾ ಹಚ್ಚಿ, ಕೈ ಮುಗದು ಬಂದೆ. ಆರೇತೋ ಇಲ್ಲೋ ನೋಡಲಿಲ್ಲ. ಗುಡ್ಡಕ್ಕ ಬೆಂಕಿ ಹಚ್ಚಿದವರ ಪಾಸ್ ರದ್ದು ಅಂತ ಡಂಗುರಾ ಹೊಡಿಸಿದಾಂವನೂ ನಾನ. ಅಂಜಿದೆ. ಜ್ಯೋತಿಬಾ, ತಪ್ಪಾತೋ."

ಬೆಂಕಿ ಬೇಡವೆಂದು ಬೇಡಲು ಬೆಂಕಿ ಹಚ್ಚಿದ ಭಕ್ತನನ್ನು ಕಂಡು ನಗು ತಡೆಯಲು ಚಾವಡಿಗೆ ಆಗಲಿಲ್ಲ. ಜ್ಯೋತಿಬಾ ಒಬ್ಬನೇ ನಗಲಿಲ್ಲ. ಶಿವಲಿಂಗಪ್ಪ ಎರಡೂ ಕೈಯಿಂದ ಪಾಸ್ ಕೊಟ್ಟಾಗ ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಒಳಜೇಬಿಗೆ ಇಳಿಸಿದ.

"ದೇವಿಗೆ ತಪ್ಪುಕಾಣಿಕಿ ಏನ್ ಕೊಡ್ಲಿ, ಸತ್ತೆವ್ವಾ?" ಎಂದರು ಶಿವಲಿಂಗಪ್ಪ.

"ಮಳಿ ಬೀಳೂ ತನಕ ದಿನಾ ಒಂದು ಕೊಡ ನೀರು. ನೀವ ಹೊತ್ಕೊಂಡು ಹೋಗ್ರಿ."

ಮರುದಿನ ಮುಂಜಾನೆ ಶಿವಲಿಂಗಪ್ಪ ಏದುಸಿರು ಬಿಡುತ್ತ ಗುಡ್ಡ ಹತ್ತುವುದನ್ನು ಗೂಳಪ್ಪ ಅಂಗಳದಿಂದ ನೋಡಿದ. ಅರ್ಧ ದಾರಿಯಲ್ಲಿ ಜ್ಯೋತಿಬಾ ಇಳಿದು ಬಂದು, ಅವರ ಹೆಗಲಿನ ಕೊಡವನ್ನು ತನ್ನ ಹೆಗಲಿಗೆ ಇಟ್ಟುಕೊಂಡ.