ಷರಾ ಕಾಲಂನ ಪ್ರಶ್ನೆಗಳು

"ಈ ಗಂಟು ಹಾಕಿದ ಪುಣ್ಯಾತ್ಮರು ಯಾರಪ್ಪಾ?"

ಆಸ್ಪತ್ರೆಯ ಹಬೆ ಕೋಣೆಯಲ್ಲಿ ಅವನ ಹೊರತು ಯಾರೂ ಇರಲಿಲ್ಲ. ಎದುರಿಗೆ ಬುಸುಗುಡುತ್ತಿದ್ದ, ಬಟ್ಟೆಯ ಕ್ರಿಮಿ ಕೊಲ್ಲುವ ಯಂತ್ರಕ್ಕೇ ಕೇಳಿದಂತಿತ್ತು.

ಆದರೆ ಗೋಡೆಯ ಪುಟ್ಟ ಕಿಟಕಿಯ ಆಚೆ ಅವಳು ನಿಂತಿದ್ದಳು. ಕೈಯಲ್ಲಿ ಅಂಥವೇ ಇನ್ನೂ ನಾಲ್ಕು ಬಟ್ಟೆಯ ಗಂಟುಗಳು!

"ನಾನೇ... ಯಾಕೆ, ಬಿಚ್ಕೊಂಡುಬಿಡ್ತಾ?"

"ಬಿಚ್ಕೊಳ್ಳೋದಾ! ಹತ್ತು ನಿಮಿಷದಿಂದ ಒದ್ದಾಡ್ತಿದೀನಿ. ಇಷ್ಟು ಬಿಗಿದ್ರೆ ಹಬೆ ಒಳಗೆ ಹೋಗೋದು ಹೇಗೆ ಸಿಸ್ಟರ್? ಇದರಲ್ಲಿರೋದು ಗಾಯಕ್ಕೆ ಹಾಕೋ ಬಟ್ಟೆ, ಚಿನ್ನ ಅಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

"ಹದಿನೆಂಟು ವರ್ಷ ಟೈಲರ್ ಆಗಿದ್ದೆ. ಕೈ ನನ್ನ ಮಾತು ಕೇಳಲ್ಲ. ಅದ್ಸರಿ, ಹಬೆ ಒಳಗೆ ಹೋಯ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಒಳಗೆ ಕೂತು ನೋಡಿದೀರಾ?"

ಅವನು ಕತ್ತೆತ್ತಿದ. ಇಪ್ಪತ್ತು ವರ್ಷದಲ್ಲಿ ಈ ಕಿಟಕಿಗೆ ಬಂದವರೆಲ್ಲ 'ಆಯ್ತಾ?' ಎಂದಷ್ಟೇ ಕೇಳಿದ್ದರು. 'ಹೇಗೆ?' ಎಂದು ಕೇಳಿದವರು ಇವಳೊಬ್ಬಳೇ.

ಗಂಟಿಗೆ ಅಂಟಿಸುವ ಪಟ್ಟಿಯನ್ನು ತೋರಿಸಿದ. ಹಬೆಗೆ ಕಾಯುವ ಮುಂಚೆ ಅದರ ಗೆರೆಗಳು ಮಾಸಲು, ಕಾದ ಮೇಲೆ ಕಪ್ಪು. ಅವಳು ಪಟ್ಟಿಯನ್ನು ಮೂಗಿನ ಹತ್ತಿರ ತಂದು, ಕನ್ನಡಕ ಏರಿಸಿ, ಮಗುವಿನ ಹಾಗೆ ನೋಡಿದಳು. ಅವಳು ಹೋದ ಮೇಲೆ ಅವನು ಯಂತ್ರದ ರಿಜಿಸ್ಟರ್ ತೆರೆದು ಏನೋ ಬರೆದುಕೊಂಡ.

ಇದಾಗಿ ಎರಡು ವರ್ಷ.

ಗಂಡ ತೀರಿಕೊಂಡ ಮೇಲೆ ಹೊಲಿಗೆಯಿಂದಲೇ ಮಗಳನ್ನು ಓದಿಸಿದವಳು ಅವಳು. ಇದೇ ಆಸ್ಪತ್ರೆಗೆ ರೋಗಿಗಳ ಅಂಗಿ ಹೊಲಿದು ಕೊಡುವಾಗ, 'ಈ ಅಂಗಿಯ ಒಳಗೆ ಏನು ನಡೆಯುತ್ತದೆ?' ಎಂಬ ಕುತೂಹಲ ಹುಳುವಿನಂತೆ ಹೊಕ್ಕಿತ್ತು. ಮೂವತ್ತೊಂಬತ್ತನೆಯ ವಯಸ್ಸಿಗೆ, ಮಗಳ ವಯಸ್ಸಿನ ಹುಡುಗಿಯರ ಪಕ್ಕ ಬೆಂಚಿನಲ್ಲಿ ಕೂತು, ಮೂರು ವರ್ಷ ನರ್ಸಿಂಗ್ ಓದಿದಳು. ಆ ಹುಡುಗಿಯರು ಅವಳನ್ನು 'ಆಂಟಿ' ಎಂದು ಕರೆದರು, ಪರೀಕ್ಷೆಯ ಹಿಂದಿನ ದಿನ ಮಾತ್ರ 'ಅಕ್ಕಾ' ಎಂದರು.

ಆಸ್ಪತ್ರೆಯವರೆಲ್ಲ ಅವನನ್ನು 'ಹಬೆಯಣ್ಣ' ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಯಂತ್ರ ಬಿಟ್ಟು ಮಂಟಪಕ್ಕೆ ಹೋಗೋಕೆ ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದ.

"ಎಲ್ರೂ ಅಣ್ಣ ಅಂತಾರೆ, ನೀವು ಯಾಕೆ ಅನ್ನಲ್ಲ?" ಎಂದು ಒಮ್ಮೆ ಕೇಳಿದ್ದ.

"ನಂಗೆ ಇರೋ ಅಣ್ಣಂದಿರೇ ಸಾಕಾಗಿದಾರೆ ರೀ!"

ಅವತ್ತು ಇಬ್ಬರ ಕಿವಿಯೂ ಕೆಂಪಾಗಿತ್ತು. ಹಬೆಗೋ, ಮಾತಿಗೋ... ದೇವರೇ ಬಲ್ಲ.

ಸೋಮವಾರ ದೊಡ್ಡ ಸಿಸ್ಟರ್ ಅವಳ ಮುಂದೆ ಒಂದು ಅರ್ಜಿ ಇಟ್ಟರು.

"ಗಾಯದ ಆರೈಕೆಗೇ ಅಂತ ಎರಡು ವರ್ಷದ ಓದು. ಇಲ್ಲಿಂದ ಒಂದು ದಿನದ ಪ್ರಯಾಣ, ಹಾಸ್ಟೆಲ್‌ನಲ್ಲಿ ಇರಬೇಕು. ನಲವತ್ತೈದು ತುಂಬಿದ್ರೆ ತಗೊಳ್ಳಲ್ಲ. ನಿನಗೆ ಈಗೆಷ್ಟು?"

"ನಲವತ್ತನಾಲ್ಕು ತುಂಬಿತು."

"ಹಾಗಾದ್ರೆ ಮುಂದಿನ ವರ್ಷ ಅನ್ನೋ ಮಾತೇ ಇಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ಎಲ್ಲರ ಅರ್ಜಿ ಕಳಿಸ್ತೀನಿ. ನಿನ್ನದಿದ್ರೆ ಇರುತ್ತೆ, ಇಲ್ಲದಿದ್ರೆ ಇಲ್ಲ."

ಹೆಸರು, ಅಂಕಗಳು, ಅನುಭವ ಎಲ್ಲವನ್ನೂ ಅವಳು ತುಂಬಿದಳು. ಕೊನೆಯ ಪ್ರಶ್ನೆಗೆ ಪೆನ್ನು ನಿಂತುಹೋಯಿತು.

'ಈ ಓದು ನಿಮಗೆ ಏಕೆ ಬೇಕು?'

ಯಾಕೆ ಬೇಕು? ಸಂಬಳಕ್ಕಾ? ಹೆಸರಿಗಾ? ಇಷ್ಟು ವಯಸ್ಸಾದ ಮೇಲೆ ಮತ್ತೆ ಬೆಂಚಾ? ಮತ್ತೆ... ಆ ಕಿಟಕಿ?

ಫೋನಿನಲ್ಲಿ ಮಗಳು ಕಿಸಕ್ಕನೆ ನಕ್ಕಳು. "ಅಮ್ಮಾ, ನಿಂಗೆ ಓದೋಕೆ ಭಯ ಇಲ್ಲ. ಆ ಊರಲ್ಲಿ ಹಬೆಯಣ್ಣ ಇರಲ್ಲ, ಅದೇ ಸಂಕಟ!"

"ಬಾಯ್ಮುಚ್ಚೇ!"

"ಮುಚ್ಚಿದೆ. ಆದ್ರೆ ಇಲ್ಲ ಅಂತ ಹೇಳಲಿಲ್ಲ ನೋಡು ನೀನು!"

ಬುಧವಾರ ಬೆಳಿಗ್ಗೆ ಅರ್ಜಿ ಕಾಣೆಯಾಯಿತು.

ಚೀಲ, ಮೇಜು, ಔಷಧಿ ಬೀರು... ಎಲ್ಲೂ ಇಲ್ಲ! ಇನ್ನೊಂದು ಪ್ರತಿ ಕೇಳಿದರೆ ದೊಡ್ಡ ಸಿಸ್ಟರ್ ಬಳಿಯೂ ಇರಲಿಲ್ಲ.

ಗುರುವಾರ ವಾರ್ಡಿನ ಕಪಾಟಿನಲ್ಲಿ ಬಟ್ಟೆಯ ಗಂಟುಗಳನ್ನು ಜೋಡಿಸುತ್ತಿದ್ದಾಗ ಅವಳ ಕೈ ತಟ್ಟನೆ ನಿಂತಿತು. ಮೇಲಿದ್ದ ಚೀಟಿಯಲ್ಲಿ ತನ್ನದೇ ಅಕ್ಷರ. ಆದರೆ ಗಂಟು ತನ್ನದಲ್ಲ! ಸಡಿಲವಾದ, ಎಳೆದರೆ ಬಿಚ್ಚುವ ಗಂಟು. ಇದು ಅವನ ಕೈ.

ಆಗ ಹೊಳೆಯಿತು. ಟೈಲರ್ ಅಂಗಡಿಯಲ್ಲಿ ಗಿರಾಕಿಯ ಅಳತೆ ಚೀಟಿಯನ್ನು ಬಟ್ಟೆಯ ಮಡಿಕೆಯೊಳಗೇ ಸಿಕ್ಕಿಸಿ ಕಟ್ಟಿಡುವುದು ರೂಢಿ. ಮಂಗಳವಾರ ಅರ್ಜಿಯನ್ನು ಮುಂದಿಟ್ಟುಕೊಂಡು ಯೋಚಿಸುತ್ತಾ ಗಂಟು ಕಟ್ಟುವಾಗ, ಕೈ ತನ್ನಷ್ಟಕ್ಕೆ ತಾನೇ ಅದನ್ನು ಒಳಗೆ ಮಡಿಚಿಟ್ಟುಬಿಟ್ಟಿತ್ತು!

ಅವನು ಗಂಟು ಬಿಚ್ಚಿದ್ದಾನೆ. ಅರ್ಜಿ ತೆಗೆದಿದ್ದಾನೆ. ನಿನ್ನೆ ಕಿಟಕಿಯಲ್ಲಿ ಮಾತಾಡಿದಾಗಲೂ ಬಾಯಿ ಬಿಡಲಿಲ್ಲ!

ಒಂದು ಕ್ಷಣ... ಒಂದೇ ಒಂದು ಕ್ಷಣ ಎದೆ ಹಗುರವಾಯಿತು. 'ನಾನು ಹೋಗುವುದು ಇವನಿಗೆ ಬೇಡ!' ಮರುಕ್ಷಣ ಮೈಯೆಲ್ಲ ಉರಿಯಿತು. 'ಬೇಡ ಎನ್ನಲು ಇವನ್ಯಾರು?'

ಸಿಟ್ಟಿನಲ್ಲಿ ಅವತ್ತು ಕಿಟಕಿಯ ಕಡೆಗೇ ಹೋಗಲಿಲ್ಲ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅವಳು ಕಿಟಕಿಯ ಮುಂದೆ ನಿಂತಳು.

"ನನ್ನ ಅರ್ಜಿ ಕೊಡಿ."

ಅವನು ಬೆಚ್ಚಿದ. "ಅದು... ಬೇಕಾ ನಿಮಗೆ?"

"ಬೇಕಾ ಅಂದ್ರೆ? ನನ್ನ ಹೋಗದ ಹಾಗೆ ತಡೆಯೋಕೆ ಕಾಗದ ಬಚ್ಚಿಡೋದಾ? ನಿಮ್ಮನ್ನ ಎಂಥವರು ಅನ್ಕೊಂಡಿದ್ದೆ!"

"ನಾನು ಬಚ್ಚಿಟ್ನಾ?" ಅವನ ಮುಖ ಬಾಡಿತು. "ಗಂಟು ಮುಟ್ಟಿದಾಗ ಕಾಗದ ಸರಪರ ಅಂತು, ಬಿಚ್ಚಿದೆ. ಹಬೆಗೆ ಹಾಕಿದ್ರೆ ಶಾಯಿ ಹರಡಿ ಹಾಳಾಗುತ್ತೆ ಅಂತ ನಿಮಗೆ ಗೊತ್ತು. ಹರಿಯೋಕೆ ಮನಸ್ಸು ಬಾರದೆ, ಹಾಳಾಗಲಿ ಅಂತ ನೀವೇ ಇಟ್ರಿ ಅನ್ಕೊಂಡೆ."

"ಅಯ್ಯೋ, ಅಳತೆ ಚೀಟಿ ರೀ! ಅಭ್ಯಾಸಬಲ!"

ಅವಳು ವಿವರಿಸಿದಳು. ಅವನು ತಲೆ ಚಚ್ಚಿಕೊಂಡ. ಇಬ್ಬರೂ ನಕ್ಕರು.

"ಮತ್ತೆ ಮೂರು ದಿನ ಯಾಕೆ ಇಟ್ಕೊಂಡ್ರಿ?"

ಅವನು ಪಕ್ಕದ ಬಾಗಿಲು ತೆರೆದು ಹೊರಬಂದು, ಅರ್ಜಿಯನ್ನೂ ದಪ್ಪನೆಯ ರಿಜಿಸ್ಟರನ್ನೂ ಅವಳ ಕೈಗಿಟ್ಟ. ಪ್ರತಿ ಸಲ ಯಂತ್ರ ಓಡಿದಾಗಲೂ ತುಂಬಬೇಕಾದ ಪುಸ್ತಕ ಅದು. ದಿನಾಂಕ, ಬಿಸಿ, ಸಮಯ, ಕೊನೆಗೆ ಷರಾ.

ಷರಾ ಕಾಲಂನ ಉದ್ದಕ್ಕೂ 'ಸರಿ ಇದೆ, ಸರಿ ಇದೆ.' ನಡುನಡುವೆ...

'ಸರಿ ಇದೆ. ಸಿಸ್ಟರ್ ಕೇಳಿದರು: ಹಬೆ ಒಳಗೆ ಹೋಯಿತೆಂದು ಹೇಗೆ ಗೊತ್ತು?'

'ಸರಿ ಇದೆ. ಸಿಸ್ಟರ್ ಕೇಳಿದರು: ಗಾಯ ಮೊದಲು ಮುಚ್ಚುವುದು ಅಂಚಿನಿಂದಲೋ, ತಳದಿಂದಲೋ?'

'ಸಿಸ್ಟರ್ ಕೇಳಿದರು: ಸಕ್ಕರೆ ಕಾಯಿಲೆಯವರ ಹಿಮ್ಮಡಿಯ ಗಾಯ ಯಾಕೆ ಬೇಗ ಮಾಯುವುದಿಲ್ಲ? ನನಗೆ ತಿಳಿಯದು.'

ಮತ್ತೊಂದು ಪುಟದಲ್ಲಿ ಬರೀ ಇಷ್ಟು: 'ಇಂದು ಸಿಸ್ಟರ್ ಬರಲಿಲ್ಲ.'

ಅವಳ ಕಣ್ಣು ಮಂಜಾಯಿತು.

"ಕೊನೇ ಪ್ರಶ್ನೆ ಖಾಲಿ ಇತ್ತು," ಅವನು ಮೆಲ್ಲಗೆ ಹೇಳಿದ. "ಬೇಡ ಅಂತ ಬಿಟ್ಟಿದ್ದಾ, ಹೊಳೀದೆ ಬಿಟ್ಟಿದ್ದಾ ಗೊತ್ತಾಗಲಿಲ್ಲ. ಕೇಳೋ ಧೈರ್ಯ ಬರಲಿಲ್ಲ. ಈ ರಿಜಿಸ್ಟರ್ ಮೊದಲಿಂದ ತಿರುವಿ ನಿಮ್ಮ ಪ್ರಶ್ನೆ ಆರಿಸಿ ಎಣಿಸ್ತಾ ಕೂತೆ. ನೂರಾ ಹನ್ನೊಂದು ಸಿಕ್ಕಿದೆ. ಇವಕ್ಕೆ ನನ್ನ ಹತ್ರ ಉತ್ತರ ಇಲ್ಲ ಸಿಸ್ಟರ್. ಈ ಕಟ್ಟಡದಲ್ಲೇ ಇಲ್ಲ. ಅಲ್ಲಿ ಇರಬಹುದು."

ಯಾಕೆ ಬೇಕು? ತಿಳಿಯಬೇಕು, ಅದಕ್ಕೆ! ಇಷ್ಟು ಸರಳವಾದ ಮಾತು ತನಗೇ ಯಾಕೆ ಕಂಡಿರಲಿಲ್ಲ?

ಅಲ್ಲೇ ಗೋಡೆಗೆ ಕಾಗದ ಒತ್ತಿ ಹಿಡಿದು ಅವಳು ಬರೆದಳು. ಸಹಿ ಹಾಕಿದಳು. ಗಡಿಯಾರದಲ್ಲಿ ಮೂರೂವರೆ. ದೊಡ್ಡ ಸಿಸ್ಟರ್ ಕೋಣೆಗೆ ಇಪ್ಪತ್ತು ಹೆಜ್ಜೆ ಅಷ್ಟೇ.

ಆ ಇಪ್ಪತ್ತು ಹೆಜ್ಜೆಗೇ ಕಾಲು ಏಳಲಿಲ್ಲ.

"ಒಂದು ಕೇಳ್ತೀನಿ, ನಡೆಸಿಕೊಡ್ತೀರಾ?"

"ಏನು?"

"ಹೋಗಬೇಡ ಅನ್ನಿ. ಒಂದೇ ಮಾತು. ಇದನ್ನ ಈಗಲೇ ಹರಿದು ಹಾಕ್ತೀನಿ. ಆಮೇಲೆ ಯಾವತ್ತೂ ನಿಮ್ಮನ್ನ ದೂರಲ್ಲ."

ಅವನು ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕೈ ಹಿಡಿದ. ಹಬೆಗೆ ಕಾದು ಒರಟಾದ ಕೈ.

"ನನಗೆ ನೀನು ಬೇಕು. ರಜೆಗೆ ಬಂದಾಗ ಬೇಕು, ಓದು ಮುಗಿಸಿ ಬಂದ ಮೇಲೆ ಬೇಕು, ಇಬ್ಬರಿಗೂ ಕೂದಲು ಪೂರ್ತಿ ನೆರೆತ ಮೇಲೂ ಬೇಕು. ಇಷ್ಟು ದಿನ ಹೇಳಲಿಲ್ಲ, ನನ್ನದೇ ತಪ್ಪು."

'ನೀವು' ಎಲ್ಲಿ ಹೋಯಿತೋ, ಇಬ್ಬರಿಗೂ ಗೊತ್ತಾಗಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗು.

"ಹಾಗಾದ್ರೆ ಹೋಗಬೇಡ ಅನ್ನು!"

"ಊಹೂಂ... ಅನ್ನಲ್ಲ ಕಣೇ."