ಸದ್ದು ಮಾಡದ ಏಳು ಸೀಟಿನ ಗಾಡಿ

"ನೀವ್ಯಾಕೆ ಬಂದ್ರಿ?"

ಆರು ತಿಂಗಳ ನಂತರ ಗಂಡನ ಮುಖ ಕಂಡಾಗ ಅವಳ ಬಾಯಿಂದ ಬಂದ ಮೊದಲ ಮಾತು ಇದು!

"ಸಹಿ ಹಾಕೋಕೆ... ಗಾಡಿ ನನ್ನ ಹೆಸರಲ್ಲಿದೆಯಲ್ಲ. ನೀನೇ ಬರೋಕೆ ಹೇಳಿದ್ದೆ."

ಹೌದಲ್ಲ! ವಕೀಲರ ಮೂಲಕ ಅವಳೇ ಕರೆಸಿದ್ದಳು. ಆದರೂ ಅದೇ ನೀಲಿ ಶರಟು, ತೋಳಿನ ಮೇಲೆ ಅದೇ ಗ್ರೀಸಿನ ಕಲೆ ಕಂಡಾಗ ಕಣ್ಣು ಅಲ್ಲೇ ನಿಂತಿತು.

'ಎಷ್ಟು ಸಣ್ಣಗಾಗಿದ್ದಾರೆ... ಹೊತ್ತಿಗೆ ಸರಿಯಾಗಿ ಊಟ ಮಾಡ್ತಿಲ್ಲ ಅನ್ಸುತ್ತೆ. ಮಾಡದಿದ್ರೆ ನನಗೇನು!' ಎಂದುಕೊಂಡು ಮುಖ ತಿರುಗಿಸಿದಳು.

ಅದು ಹಳೆಯ ಕಾರುಗಳನ್ನು ಕೊಳ್ಳುವವರ ಶೆಡ್ಡು. ನಡುವೆ ಅವರ ಬಿಳಿ ಬಣ್ಣದ, ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಎಸ್‌ಯುವಿ ನಿಂತಿತ್ತು. ತಲೆ ನರೆತ ಮೆಕ್ಯಾನಿಕ್ ಒಬ್ಬ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಎಲ್ಲರಿಗೂ ಅವನು ತಾತ. ತಾತ ಸರಿ ಎಂದರೆ ಗಂಡ ಸಹಿ ಹಾಕುವುದು. ನಾಳೆ ವಕೀಲರ ಬಳಿ ಇಬ್ಬರದೂ ಸಹಿ, ವಿಚ್ಛೇದನಕ್ಕೆ. ಅಲ್ಲಿಗೆ ನಾಲ್ಕು ವರ್ಷದ ಸಂಸಾರ ಮುಗಿದಂತೆಯೇ.

ಅವನು ಲಿಫ್ಟ್ ರಿಪೇರಿ ಮಾಡುವವನು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅವನೋ, ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಜಾತಿ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಹಾಗೆ ಹೇಳಿದ ಪುಣ್ಯಾತ್ಮನಿಗೆ ಮದುವೆ ಆಗಿರಲಿಕ್ಕಿಲ್ಲ ಬಿಡಿ!

ಒಂದು ಸಂಜೆ ಹೇಳದೆ ಕೇಳದೆ ಈ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ್ದ. ಇಬ್ಬರೇ ಇರುವ ಮನೆಗೆ ಏಳು ಸೀಟು! ಮಗುವಿಗಾಗಿ ಮೂರು ವರ್ಷ ಆಸ್ಪತ್ರೆ ಅಲೆದು ಸೋತಿದ್ದ ಅವಳಿಗೆ ಅದು ಅಣಕದಂತೆ ಕಂಡಿತ್ತು.

"ಐದು ಖಾಲಿ ಸೀಟು ತೋರಿಸಿ ನನ್ನ ಚುಚ್ತೀರಾ?" ಎಂದು ಅತ್ತಿದ್ದಳು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಂಬದ ಹಾಗೆ ನಿಂತಿದ್ದ. ಅವಳು ಸಿಟ್ಟಿನಲ್ಲಿ ಅದೇ ಗಾಡಿ ಹತ್ತಿ ಅಪ್ಪನ ಅಪಾರ್ಟ್‌ಮೆಂಟಿಗೆ ಹೊರಟುಹೋದಳು. ಅಂದು ತನ್ನ ಕಿಟಕಿಯ ಕೆಳಗೆ ನಿಲ್ಲಿಸಿದ್ದನ್ನು ಮತ್ತೆ ಮುಟ್ಟಲಿಲ್ಲ. ಇವತ್ತು ಇಲ್ಲಿಗೆ ತಂದದ್ದೂ ಶೆಡ್ಡಿನ ಹುಡುಗನೇ.

ತಾತ ಕೈ ಒರೆಸಿಕೊಳ್ಳುತ್ತಾ ಬಂದ. "ಯಾಕಮ್ಮಾ ಮಾರ್ತಿದ್ದೀರಾ? ಊರೊಳಗಿನ ಟ್ರಾಫಿಕ್ಕಿಗೆ ಇದರಂಥ ಗಾಡಿ ಇಲ್ಲ. ಪೆಟ್ರೋಲ್ ಕಡಿಮೆ ಕುಡಿಯುತ್ತೆ. ನಿಂತು ನಿಂತು ಹೋದ್ರೂ ನಡುಗಲ್ಲ."

"ತೊಂದರೆಗಳೂ ಇವೆಯಲ್ಲ ತಾತಾ," ಎಂದಳು ಬಿಗುವಾಗಿ.

"ಇಲ್ಲದೆ ಏನು? ಕೊಳ್ಳುವಾಗ ಕೈ ಸುಡುತ್ತೆ. ಹೆದ್ದಾರಿಯಲ್ಲೇ ಓಡಿಸೋರಿಗೆ ಅಂಥಾ ಉಳಿತಾಯ ಏನಿಲ್ಲ. ಕೊನೇ ಸಾಲಲ್ಲಿ ದೊಡ್ಡವರು ಕೂತರೆ ಮಂಡಿ ಗದ್ದಕ್ಕೆ ತಾಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಬ್ಯಾಟರಿಗೆ ಗ್ರಹಚಾರ ಕಾದಿದೆ ಅಂತಲೇ ಲೆಕ್ಕ. ನೀವು ಪರವಾಗಿಲ್ಲ, ತಪ್ಪದೆ ಓಡಿಸಿದ್ದೀರಿ."

"ನಾನಾ? ಇದು ಆರು ತಿಂಗಳಿಂದ ನಿಂತಲ್ಲೇ ನಿಂತಿದೆ!"

ತಾತ ನಕ್ಕುಬಿಟ್ಟ. "ಯಾರ ಕಿವಿಗೆ ಹೂವಿಡ್ತೀರಾ ತಾಯಿ? ನಿಂತ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಾ? ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇದೂ ಸಿಕ್ತು ನೋಡಿ."

ಒಂದು ರಟ್ಟಿನ ಕಾರ್ಡು. ನೋಡಿದ ಕೂಡಲೇ ಗುರುತು ಹಿಡಿದಳು. ಲಿಫ್ಟ್ ರಿಪೇರಿಯವರು ಪ್ರತಿ ಸರ್ವಿಸ್ ಆದ ಮೇಲೆ ತಾರೀಕು ಬರೆದು ಸಹಿ ಹಾಕಿಟ್ಟು ಹೋಗುವಂಥ ಕಾರ್ಡು!

ಭಾನುವಾರ, ಬೆಳಿಗ್ಗೆ ಆರು. ಅರ್ಧ ಗಂಟೆ ಓಡಿಸಿದೆ. ಬ್ಯಾಟರಿ ಸರಿ.

ಭಾನುವಾರ, ಬೆಳಿಗ್ಗೆ ಆರು. ಟೈರಿಗೆ ಗಾಳಿ ಹಾಕಿಸಿದೆ. ಬ್ಯಾಟರಿ ಸರಿ.

ಹೀಗೇ ಇಪ್ಪತ್ತನಾಲ್ಕು ಭಾನುವಾರ. ಕೊನೆಯ ಸಾಲಿನಲ್ಲಿ ಮಾತ್ರ ಹೆಚ್ಚಿಗೆ ಒಂದು ಮಾತಿತ್ತು. 'ಇವತ್ತೂ ಕಿಟಕಿಯ ಪರದೆ ತೆಗೆದಿಲ್ಲ.'

ಅವಳು ಕಾರ್ಡಿನಿಂದ ತಲೆ ಎತ್ತಿದಳು. "ನೀವು... ಪ್ರತಿ ವಾರ ಬರ್ತಿದ್ರಾ? ನನಗೆ ಒಂದು ದಿನವೂ ಕೇಳಿಸಲಿಲ್ಲ!"

"ಹೊರಡುವಾಗ ಇದು ಬ್ಯಾಟರಿಯಲ್ಲೇ ಓಡುತ್ತಲ್ಲ, ಸದ್ದಿರಲ್ಲ. ಸ್ಪೇರ್ ಕೀ ಮಾವ ಕೊಟ್ಟಿದ್ರು."

"ಅಪ್ಪಾನಾ!"

ಕಾರ್ಡಿನ ಮೇಲ್ತುದಿಯಲ್ಲಿ, ಎಲ್ಲಕ್ಕಿಂತ ಮೊದಲು ಬರೆದ ಇನ್ನೊಂದು ಸಾಲಿತ್ತು. 'ಕೊನೇ ಸಾಲು ಮಡಚಿದರೆ ಮಾವನ ವೀಲ್‌ಚೇರ್ ಹಿಡಿಸುತ್ತೆ. ಅಳತೆ ನೋಡಿದೆ.' ಅದರ ಪಕ್ಕದ ತಾರೀಕು ಗಾಡಿ ಮನೆಗೆ ಬರುವುದಕ್ಕಿಂತ ಒಂದು ವಾರ ಹಿಂದಿನದು.

'ಆಗ ಅಪ್ಪ ಕೋಲು ಹಿಡ್ಕೊಂಡು ನಡೀತಿದ್ರಲ್ಲ! ವೀಲ್‌ಚೇರ್ ಬಂದಿದ್ದು ಎರಡು ತಿಂಗಳಾದ ಮೇಲೆ...'

"ಇನ್ನು ನಡೆಯೋಕೆ ಆಗಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ರು," ಎಂದ ಅವನು ನೆಲ ನೋಡುತ್ತಾ. "ಅವಳು ಈಗಾಗಲೇ ಅತ್ತು ಅತ್ತು ಸಾಕಾಗಿದ್ದಾಳೆ, ಹೇಳಬೇಡ ಅಂತ ಮಾವ ಆಣೆ ಹಾಕಿಸ್ಕೊಂಡ್ರು. ಮೊದಲು ನೋಡಿದ ಸಣ್ಣ ಹೈಬ್ರಿಡ್‌ನಲ್ಲಿ ಡಿಕ್ಕಿ ಜಾಗ ಬ್ಯಾಟರಿಗೇ ಹೋಗಿತ್ತು. ಇದರಲ್ಲಿ ಕುರ್ಚಿ ಹಿಡಿಸುತ್ತೆ, ಆಸ್ಪತ್ರೆ ದಾರಿಯಲ್ಲಿ ಅವರ ಸೊಂಟಕ್ಕೆ ನಡುಕ ತಾಗಲ್ಲ. ಅಷ್ಟೇ ಯೋಚಿಸಿದೆ. ಖಾಲಿ ಸೀಟು ನಿನಗೆ ಹಾಗೆ ಕಾಣುತ್ತೆ ಅಂತ... ನನ್ನ ದಡ್ಡತಲೆಗೆ ಹೊಳೀಲೇ ಇಲ್ಲ."

"ಆಮೇಲಾದ್ರೂ ಹೇಳಬಹುದಿತ್ತಲ್ರೀ!"

"ಫೋನ್ ಮಾಡಿದೆ. ನೀನು ಬ್ಲಾಕ್ ಮಾಡಿದ್ದೆ. ಮಾವ ನನ್ನ ಹೆಸರೆತ್ತಿದ್ರೆ ಊಟ ಬಿಟ್ಟು ಎದ್ದು ಹೋಗ್ತಿದ್ದೆಯಂತೆ."

ನಿಜ. ಎದ್ದು ಹೋಗುತ್ತಿದ್ದಳು. ಈ ಗಾಡಿ ಕಾಣಬಾರದೆಂದು ಆ ಕಿಟಕಿಯ ಪರದೆಯನ್ನೂ ಸರಿಸಿರಲಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಟ್ಯಾಕ್ಸಿಯವರ ಜೊತೆ ಕುರ್ಚಿಗಾಗಿ ಎಷ್ಟು ಸಲ ಜಗಳವಾಡಿದ್ದಳು! ಅಷ್ಟು ದಿನವೂ ಇದು ಮನೆಯ ಕೆಳಗೇ ನಿಂತಿತ್ತು.

"ಊರವರ ಕಣ್ಣಿಗೆಲ್ಲಾ ಕನ್ನಡಕ ಕೂರಿಸ್ತೀನಿ... ನನ್ನ ಕಣ್ಣಿಗೇ ಏನೂ ಕಾಣಲಿಲ್ಲ," ಎನ್ನುತ್ತಾ ಬಿಕ್ಕಿದಳು.

ಅವನು ಹತ್ತಿರ ಬಂದ. ಕೈ ಹಿಡಿಯಲೋ ಬೇಡವೋ ಎಂದು ಹಿಂದೆಮುಂದೆ ನೋಡಿದ. ಅವಳೇ ಹಿಡಿದಳು.

"ಮಕ್ಕಳಾಗಲಿ, ಆಗದೇ ಇರಲಿ... ನನಗೆ ನೀನು ಬೇಕು ಕಣೇ," ಎಂದ. ನಾಲ್ಕು ವರ್ಷದಲ್ಲಿ ಅವನು ಬಾಯಿಬಿಟ್ಟು ಆಡಿದ ಮೊದಲ ಪ್ರೀತಿಯ ಮಾತು ಅದು!

"ಹಾಗಾದ್ರೆ ಸಹಿ?" ತಾತ ಕಾಗದ ಹಿಡಿದು ಕೇಳಿದ.

"ತಾತಾ, ತಪ್ಪು ತಿಳ್ಕೋಬೇಡಿ. ಗಾಡಿ ಮಾರಲ್ಲ."

"ನನಗೆ ಆಗಲೇ ಗೊತ್ತಾಯ್ತು ಬಿಡಮ್ಮ," ಎಂದು ತಾತ ಬಾನೆಟ್ಟು ಮುಚ್ಚಿದ.

ಅವಳು ಕಣ್ಣೊರೆಸಿಕೊಂಡು ಕಾರ್ಡನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಸಂಜೆ ಗಾಡಿ ತಗೊಂಡು ಬನ್ನಿ, ಅಪ್ಪನನ್ನೂ ಕರ್ಕೊಂಡು ನಮ್ಮನೆಗೆ ಹೋಗೋಣ. ಅಪ್ಪನ ಕುರ್ಚಿ, ನನ್ನ ಸೂಟ್‌ಕೇಸ್, ಎರಡೂ ಹಿಡಿಸುತ್ತಾ?"

"ಹಿಡಿಸುತ್ತೆ. ಅದೂ ಅಳತೆ ನೋಡಿದ್ದೀನಿ."

"ಅಯ್ಯೋ, ನಿಮ್ಮ ಅಳತೆಯೇ!"

"ಆರಕ್ಕೆ ಬರ್ತೀನಿ. ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ, ಸದ್ದಿಲ್ಲದೆ..."

"ಏನೂ ಬೇಡ!" ಎಂದಳು ಅವಳು, ಅವನ ತೋಳಿಗೆ ಹಣೆ ಒತ್ತಿ. "ಹಾರ್ನ್ ಹೊಡೀರಿ. ನಾನು ಪರದೆ ತೆಗೆದು ಕಾಯ್ತಿರ್ತೀನಿ."